ಪೋಷಕರಿಗೆ ಪತ್ರ: ಹೋಮ್‌ವರ್ಕನ್ನ ಮೊಬೈಲೇ ಬರೆದುಕೊಡ್ತಿರೋ ಬಗ್ಗೆ

ಎಲ್ಲಾ ಪೋಷಕರಿಗೂ ನಮಸ್ಕಾರ,

ಮಳೆ ಬಿಡ್ತಾ ಇಲ್ಲ, ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯೋ ಗಡಿಬಿಡೀಲಿ ಇದೀರ, ಮೀಟಿಂಗಿಗೆ ಕರೆದ್ರೆ ಅರ್ಧ ಜನಕ್ಕೂ ಬರಕ್ಕಾಗಲ್ಲ ಅಂತ ಗೊತ್ತು, ಅದಕ್ಕೇ ಬರೆದು ಗ್ರೂಪಿಗೆ ಹಾಕ್ತಿದೀನಿ. ಸ್ವಲ್ಪ ಉದ್ದ ಇದೆ. ರಾತ್ರಿ ಊಟ ಆದ್ಮೇಲೆ ಓದಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಕಳೆದ ತಿಂಗಳು ಒಂಬತ್ತನೇ ಕ್ಲಾಸಿಗೆ ‘ನಮ್ಮ ಮನೆಯವರು ಮತ್ತು ಶರಾವತಿ ಮುಳುಗಡೆ’ ಅಂತ, ಅಂದ್ರೆ ಲಿಂಗನಮಕ್ಕಿ ಡ್ಯಾಮ್ ನೀರಲ್ಲಿ ಊರುಗಳು ಮುಳುಗಿದ್ದರ ಬಗ್ಗೆ ಪ್ರಬಂಧ ಕೊಟ್ಟಿದ್ವಿ. ನಮ್ ಸಾಗರದ ಕಡೆ ಮುಳುಗಡೆ ಕಥೆ ಇಲ್ದಿರೋ ಮನೆ ಹುಡುಕಬೇಕು, ಹಾಗಾಗಿ ಮಕ್ಕಳು ಚೆನ್ನಾಗಿ ಬರೀತಾರೆ ಅಂದ್ಕೊಂಡಿದ್ದೆ. 34 ಪುಸ್ತಕ ಬಂತು. ಅದ್ರಲ್ಲಿ 11 ಪುಸ್ತಕದ ಮೊದಲ ಸಾಲು ಹೆಚ್ಚುಕಮ್ಮಿ ಒಂದೇ, ಅಭಿವೃದ್ಧಿ ಮತ್ತು ತ್ಯಾಗ ಒಂದೇ ನಾಣ್ಯದ ಎರಡು ಮುಖಗಳು ಅಂತ. ಒಂದ್ರಲ್ಲಂತೂ ಲಿಂಗನಮಕ್ಕಿ ಡ್ಯಾಮನ್ನ ತುಂಗಾ ನದಿಗೆ ಕಟ್ಟಿದ್ದು ಅಂತ ಇತ್ತು. ಅದನ್ನ ಬರೆದ ಹುಡುಗ ಸಣ್ಣವನಿದ್ದಾಗಿಂದ ಅದೇ ಹಿನ್ನೀರನ್ನ ಲಾಂಚಲ್ಲಿ ದಾಟಿ ಅಜ್ಜನ ಮನೆಗೆ ಹೋಗ್ತಿದ್ದವನು!

ಅವನನ್ನ ಕರೆದು ಡ್ಯಾಮ್ ಯಾವ ಹೊಳೆಗೆ ಕಟ್ಟಿದ್ದಪ್ಪ ಅಂತ ಕೇಳಿದೆ. ಶರಾವತಿಗೆ ಸಾರ್ ಅಂದ, ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ. ಮತ್ತೆ ಪುಸ್ತಕದಲ್ಲಿ ತುಂಗಾ ಅಂತಿದ್ಯಲ್ಲ ಅಂದ್ರೆ ತಲೆ ತಗ್ಗಿಸಿದ. ಮೊಬೈಲಲ್ಲಿ ಎಐಗೆ ಕೇಳಿ ಬಂದಿದ್ದನ್ನ ನೋಡ್ಕೊಂಡು ಬರೆದಿದ್ದ, ಕೈ ಬರೀತಾ ಇತ್ತು, ತಲೆಗೆ ಏನೂ ಹೋಗಿರ್ಲಿಲ್ಲ. ನನಗೆ ಚಿಂತೆ ಆಗಿದ್ದು ಅದೇ. ಗೊತ್ತಿರೋ ವಿಷಯ, ಕಣ್ಣೆದುರೇ ಇರೋ ಹೊಳೆ, ಅದು ತಪ್ಪಾಗಿ ತನ್ನದೇ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿದ್ರೂ ಮಗೂಗೆ ಗೊತ್ತಾಗ್ಲಿಲ್ಲ.

ಯಾರಿಗೂ ಬೈಲಿಲ್ಲ. ಮನೇಲಿ ಹಿರಿಯರನ್ನ ಕೇಳಿ ಇನ್ನೊಂದ್ಸಲ ಬರ್ಕೊಂಡು ಬನ್ನಿ, ಒಂದೇ ಪುಟ ಸಾಕು ಅಂದೆ. ಆಮೇಲೆ ಬಂದಿದ್ದು ನೋಡಿ. ಒಬ್ಬ ಹುಡುಗಿ ಅಜ್ಜಿ ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ಲು: 1964ರಲ್ಲಿ ಡ್ಯಾಮ್ ಮುಗಿಯೋ ಹೊತ್ತಿಗೆ ಅಜ್ಜಿಗೆ ಹತ್ತು ವರ್ಷ, ಮನೆ ಬಿಚ್ಚೋವಾಗ ಅವರಪ್ಪ ಒಂದೊಂದು ಹೆಂಚನ್ನೂ ಎಣಿಸಿ ಇಳಿಸಿದ್ರಂತೆ, ಬಾಗಿಲು ಕಿಟಕಿ ಎಲ್ಲಾ ಗಾಡಿಗೆ ಹತ್ತಿತಂತೆ, ತುಳಸಿಕಟ್ಟೆ ಒಂದು ಮಾತ್ರ ತರಕ್ಕಾಗಲಿಲ್ಲ, ಅವರಮ್ಮ ಹೊರಡೋ ದಿನ ಬೆಳಿಗ್ಗೇನೂ ಅದಕ್ಕೆ ನೀರು ಹಾಕಿ ಬಂದ್ರಂತೆ. ಈಗ್ಲೂ ಬೇಸಿಗೇಲಿ ಹಿನ್ನೀರು ಇಳಿದಾಗ ಅಜ್ಜಿ ಆ ದಿಕ್ಕಿಗೆ ನೋಡ್ತಾ ನಿಲ್ತಾರಂತೆ. ಕಾಗುಣಿತ ತಪ್ಪು ಆರೇಳು ಇತ್ತು. ಸ್ಟಾಫ್ ರೂಮಲ್ಲಿ ಅದನ್ನ ಜೋರಾಗಿ ಓದಿದಾಗ ಯಾರೂ ಮಾತಾಡ್ಲಿಲ್ಲ.

ಈ ಎಐ ಏನು ಅಂತ ಕೆಲವರು ಕೇಳಿದೀರ. ಕೇಳಿದ್ದಕ್ಕೆ ಬರೆದು ಉತ್ತರ ಕೊಡೋ ಚಾಟ್‌ಜಿಪಿಟಿ ಅನ್ನೋ ಎಐ ಬಂದಿದ್ದು 2022ರ ನವೆಂಬರ್ 30ಕ್ಕೆ, ಅಲ್ಲಿಂದ ಈಚೆಗೆ ಅಂಥವು ಸುಮಾರು ಬಂದಿವೆ. ಲೆಕ್ಕವಿಲ್ಲದಷ್ಟು ಬರಹ ಓದಿಸಿ, ಒಂದು ಪದ ಆದ್ಮೇಲೆ ಇನ್ಯಾವ ಪದ ಬರೋ ಸಾಧ್ಯತೆ ಜಾಸ್ತಿ ಅಂತ ಊಹಿಸೋದನ್ನ ಅದಕ್ಕೆ ಕಲಿಸಿರ್ತಾರೆ. ಹಂಗಾಗಿ ಮಾತು ನುಣುಪಾಗಿ ಬರುತ್ತೆ, ನಿಜ ಇದ್ರೂ ಸುಳ್ಳಿದ್ರೂ ದನಿ ಒಂದೇ. ಕನ್ನಡದ ಬರಹ ಇಂಗ್ಲಿಷಿನಷ್ಟು ಅದಕ್ಕೆ ಸಿಕ್ಕಿಲ್ಲ, ನಮ್ಮ ಊರುಕೇರಿ ವಿಷಯಕ್ಕೆ ಬಂದ್ರೆ ಎಡವೋದು ಇನ್ನೂ ಜಾಸ್ತಿ. ದೊಡ್ಡೋರೂ ಬಿದ್ದಿದಾರೆ. ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿ ಕೊಟ್ಟ, ಯಾವತ್ತೂ ನಡೆದೇ ಇಲ್ಲದ ಕೇಸುಗಳನ್ನ ಕೋರ್ಟಿಗೆ ಬರೆದುಕೊಟ್ಟು 2023ರ ಜೂನಲ್ಲಿ 5,000 ಡಾಲರ್ ದಂಡ ಕಟ್ಟಬೇಕಾಯ್ತು.

ನೀವು ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡ್ತೀರಲ್ಲ, ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಅಳತೆ ಸರಿಯಾಗೇ ಹಾಕಿರ್ತೀರ, ಆದ್ರೂ ಹೊಡೆಯೋ ಮುಂಚೆ ಕತ್ತಿ ಅದ್ದಿ ನೋಡ್ತೀರ, ಕತ್ತಿ ಕೆಂಪಾದ್ರೆ ಸುಣ್ಣ ಇನ್ನೂ ಬೇಕು ಅಂತ. ಯಾಕೆ? ಸುಣ್ಣದ ಗುಣ ಚೀಲದ ಮೇಲೆ ಬರೆದ ಹಾಗೇ ಇರುತ್ತೆ ಅಂತ ನಂಬಕ್ಕಾಗಲ್ಲ. ಎಐ ಕೊಟ್ಟಿದ್ದಕ್ಕೂ ಹಾಗೇ ಕತ್ತಿ ಅದ್ದಬೇಕು. ಆದ್ರೆ ಕೆಂಪು ಬಂದ್ರೆ ಏನರ್ಥ ಅಂತ ಗೊತ್ತಿರೋನು ಮಾತ್ರ ಅದ್ದಿ ನೋಡಬಲ್ಲ, ಆ ಗೊತ್ತಿರೋದನ್ನೇ ಕಲಿಯಬೇಕಾದ ವಯಸ್ಸಲ್ಲಿ ನಮ್ ಮಕ್ಕಳಿದಾರೆ.

ಟರ್ಕಿ ದೇಶದ ಹೈಸ್ಕೂಲಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಒಂದು ಅಧ್ಯಯನ ಆಗಿದೆ, ಗಣಿತದ್ದು. ಎಐ ಕೈಗೆ ಕೊಟ್ಟು ಲೆಕ್ಕ ಅಭ್ಯಾಸ ಮಾಡಿಸಿದಾಗ ಆ ಮಕ್ಕಳು ಎಐ ಇಲ್ಲದವರಿಗಿಂತ 48% ಜಾಸ್ತಿ ಚೆನ್ನಾಗಿ ಮಾಡಿದ್ರು. ಆಮೇಲೆ ಅದನ್ನ ತೆಗೆದು ಪರೀಕ್ಷೆ ಕೊಟ್ರೆ, ಎಐ ಮುಟ್ಟದೇ ಇದ್ದ ಮಕ್ಕಳಿಗಿಂತ 17% ಕೆಳಗೆ ಬಂದ್ರು. ಇನ್ನೊಂದು ಗುಂಪಿಗೆ ಉತ್ತರ ಹೇಳ್ದೆ ಬರೀ ಸುಳಿವು ಕೊಡೋ ಥರದ ಎಐ ಕೊಟ್ಟಿದ್ರು, ಅವರಿಗೆ ಆ ನಷ್ಟ ಹೆಚ್ಚುಕಮ್ಮಿ ಆಗ್ಲಿಲ್ಲ. ಇದನ್ನ ಓದಿದ್ಮೇಲೆ ಮೊಬೈಲನ್ನ ಪೂರ್ತಿ ಕಿತ್ಕೊಳ್ಳಿ ಅಂತ ಹೇಳೋದು ನಾನು ಬಿಟ್ಟೆ. ಕಿತ್ಕೊಂಡ್ರೂ ಪಕ್ಕದ್ಮನೇಲಿ ಇದೆ ಬಿಡಿ.

ಇನ್ನು ಸುಮಾರು ಜನ ಕೇಳೋದು ಕೆಲಸದ ವಿಷಯ. ಸಾಲ ಮಾಡಿ ಕಂಪ್ಯೂಟರ್ ಸೈನ್ಸ್ ಓದಿಸ್ತಿದೀವಿ, ಅದಕ್ಕೆ ಮುಂದೆ ಬೆಲೆ ಇರುತ್ತಾ ಸಾರ್ ಅಂತ ಒಬ್ಬ ತಂದೆ ಗೇಟ್ ಹತ್ರ ನಿಂತು ಕೇಳಿದ್ರು, ಅವರ ಮುಖ ನನ್ ಕಣ್ಣಲ್ಲೇ ಇದೆ. ನಾನು ಭವಿಷ್ಯ ಹೇಳಲ್ಲ. ಆದ್ರೆ ಕಣ್ಣಿಗೆ ಕಾಣೋದು ಹೇಳ್ತೀನಿ: ಪತ್ರ ಬರೆಯೋದು, ರಿಪೋರ್ಟ್ ಮಾಡೋದು, ಸಣ್ಣಪುಟ್ಟ ಕೋಡ್ ಬರೆಯೋದು, ಕಸ್ಟಮರ್ ಕೇಳಿದ್ದಕ್ಕೆ ಉತ್ತರ ಕೊಡೋದು, ಅಂದ್ರೆ ಹೊಸಬರು ಕೆಲಸಕ್ಕೆ ಸೇರಿ ಕೈ ಪಳಗಿಸ್ಕೊಳ್ತಿದ್ದ ಜಾಗಗಳೇ ಮೊದಲು ಬದಲಾಗ್ತಿವೆ. ಅಮೆರಿಕದ ಸಂಶೋಧಕರು 5,000ಕ್ಕೂ ಹೆಚ್ಚು ಕಸ್ಟಮರ್ ಸಪೋರ್ಟಿನವರ ಮೇಲೆ ಮಾಡಿ 2023ರಲ್ಲಿ ಹೊರಬಂದ ಅಧ್ಯಯನದಲ್ಲಿ ಎಐ ಜೊತೆ ಇದ್ದಾಗ ಗಂಟೆಗೆ ಮುಗಿಸೋ ಕೆಲಸ ಸರಾಸರಿ 14% ಜಾಸ್ತಿ ಆಯ್ತು, ಹೊಸಬರಿಗೆ 34%, ಅನುಭವ ಇದ್ದೋರಿಗೆ ದೊಡ್ಡ ವ್ಯತ್ಯಾಸ ಆಗ್ಲಿಲ್ಲ. ಹೊಸಬನಿಗೆ ಸಹಾಯ ಆಯ್ತು, ಒಳ್ಳೇದೇ. ಆದ್ರೆ ಮಶೀನು ಹೇಳಿದ್ದನ್ನ ಒಪ್ಪಿಸೋಕೆ ಮಾತ್ರ ಬರೋನಿಗೆ ಯಾರು ಎಷ್ಟು ದಿನ ಸಂಬಳ ಕೊಡ್ತಾರೆ ಅಂತ ನನಗೆ ಭಯ ಇದೆ, ಅದನ್ನ ನಿಮ್ಮತ್ರ ಮುಚ್ಚಿಡಲ್ಲ. ಓದಿ ಅರ್ಥ ಮಾಡ್ಕೊಳ್ಳೋದು, ತಪ್ಪು ಹಿಡಿಯೋದು, ಎದುರಿಗೆ ಕೂತವರ ಹತ್ರ ವಿಚಾರಿಸಿ ತಿಳ್ಕೊಳ್ಳೋದು ಬರ್ಬೇಕು, ಕೋರ್ಸ್ ಯಾವುದಾದ್ರೂ ಆಗ್ಲಿ.

ಶಾಲೇಲಿ ಈ ತಿಂಗಳಿಂದ ಸ್ವಲ್ಪ ಬದಲಾಯಿಸ್ತಿದೀವಿ. ಪ್ರಬಂಧದ ಮೊದಲ ಕರಡನ್ನ ಮಕ್ಕಳು ಕ್ಲಾಸಲ್ಲೇ ಕೂತು ಬರೀತಾರೆ, ಚಿತ್ತು ಕಾಟು ಇದ್ರೂ ಪರವಾಗಿಲ್ಲ, ಅದನ್ನೂ ನೋಡ್ತೀವಿ. ಪ್ರಾಜೆಕ್ಟ್ ತಂದವರಿಗೆ ಎರಡು ನಿಮಿಷ ಬಾಯಲ್ಲಿ ಪ್ರಶ್ನೆ ಇರುತ್ತೆ. ಎಂಟನೇ ಕ್ಲಾಸ್ ಮುಗಿಸಿದ ಮಕ್ಕಳಿಗೆ ಕಂಪ್ಯೂಟರ್ ಪೀರಿಯಡಲ್ಲಿ ಎಐ ತೋರಿಸಿ, ಅದರ ಉತ್ತರದಲ್ಲಿ ತಪ್ಪು ಹುಡುಕೋ ಅಭ್ಯಾಸ ನಾವೇ ಮಾಡಿಸ್ತೀವಿ. 13 ವರ್ಷಕ್ಕಿಂತ ಚಿಕ್ಕೋರಿಗೆ ಕ್ಲಾಸಲ್ಲಿ ಇದು ಬೇಡ ಅಂತ ಯುನೆಸ್ಕೋ ಕೂಡ 2023ರಲ್ಲೇ ಹೇಳಿದೆ. ಎಐ ಬರೆದಿದ್ದನ್ನ ಹಿಡಿಯೋ ಸಾಫ್ಟ್‌ವೇರ್ ಹಾಕ್ಸಿ ಅಂದವರಿಗೆ ಒಂದು ಮಾತು: ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದು ತಂದು, ಸರಿಯಾಗಿ ಹಿಡಿಯಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸ್ತು. ಸ್ವಂತ ಕಷ್ಟಪಟ್ಟು ಬರೆದ ಮಗೂನ ಕಳ್ಳ ಅನ್ನೋ ಪಾಪ ನಮಗೆ ಬೇಡ.

ನಿಮ್ಮಿಂದ ಬೇಕಾಗಿರೋದು ಇಷ್ಟೇ. ಮಗು ಏನಾದ್ರೂ ಬರೆದು ಮುಗಿಸಿದ್ಮೇಲೆ ಪುಸ್ತಕ ಮುಚ್ಚಿಸಿ, ಏನ್ ಬರ್ದೆ ನನಗೆ ಹೇಳು ಅಂತ ಕೇಳಿ. ನೀವು ಎಷ್ಟು ಓದಿದೀರ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ನಿಮಗೆ ಓದಕ್ಕೆ ಬರ್ದೇ ಇದ್ರೂ ಮಗು ತಡವರಿಸ್ತಿದ್ಯಾ ಇಲ್ವಾ ಅಂತ ಕಿವಿಗೆ ಗೊತ್ತಾಗುತ್ತೆ. ತಡವರಿಸಿದ್ರೆ ಬೈಬೇಡಿ, ಇನ್ನೊಂದ್ಸಲ ಓದಿ ಬಾ ಅನ್ನಿ.

ಆಮೇಲೆ ಇನ್ನೊಂದು. ಮಕ್ಕಳು ಎರಡನೇ ಸಲ ಬರೆದ ಆ ಪುಟಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಹೊಲಿಸಿ ಲೈಬ್ರರೀಲಿ ಇಡ್ತಿದೀವಿ. ಮುಳುಗಡೆ ನೋಡಿದ ಹಿರಿಯರು ನಿಮ್ಮನೇಲಿದ್ರೆ ಕ್ಲಾಸ್ ಟೀಚರಿಗೆ ಹೆಸರು ಕೊಡಿ, ಮಳೆ ಕಮ್ಮಿ ಆದ್ಮೇಲೆ ಒಂದು ಶನಿವಾರ ಶಾಲೆಗೆ ಕರೆಸಿ ಮಕ್ಕಳ ಹತ್ರ ಮಾತಾಡಿಸ್ತೀವಿ. ಗುಡ್ಡ ಇಳಿದು ಬರಕ್ಕಾಗದವರು ಇದ್ರೆ ಅದನ್ನೂ ಬರೀರಿ, ಮಕ್ಕಳನ್ನೇ ನಿಮ್ಮ ಜಗುಲಿಗೆ ಕರ್ಕೊಂಡು ಬರ್ತೀವಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು