ಹನ್ನೊಂದೂಮುಕ್ಕಾಲಿನವರೆಗೆ ಎಚ್ಚರವಾಗಿರುತ್ತೇನೆ

ಅರಕಲಗೂಡು
ಭಾನುವಾರ ರಾತ್ರಿ

ಮಗಳು ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ಪುಣೆ ತಲುಪಿದ ಸುದ್ದಿಯನ್ನು ನಿನ್ನ ಅಮ್ಮ ಹೇಳಿದಳು. ನನಗೆ ಹೇಳದೆ ಬಸ್ ಹತ್ತಿದೆ ಎಂದು ಕೋಪವಿಲ್ಲ. ಆ ರಾತ್ರಿಯ ಜಗಳವನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಆದರೆ "ಊರು ಬಿಟ್ಟು ಹೋದವಳಿಗೆ ಈ ಮನೆಯ ರಾತ್ರಿಗಳ ವಿಷಯ ಏನು ಗೊತ್ತು" ಎಂದೆನಲ್ಲ, ಅದು ತಪ್ಪು. ಈ ಮನೆಯ ರಾತ್ರಿಗಳನ್ನು ನಿನ್ನಷ್ಟು ಬಲ್ಲವರು ಇನ್ನಾರಿದ್ದಾರೆ? ಚಿಲಕಕ್ಕೆ ಸುತ್ತಿದ ಆ ಬಟ್ಟೆಯೊಂದೇ ಸಾಕು ಅದನ್ನು ಹೇಳಲು.

ನಿದ್ದೆ ಬಾರದ ಮನುಷ್ಯನನ್ನು ಮಧ್ಯರಾತ್ರಿಯವರೆಗೆ ಜಗುಲಿಯಲ್ಲಿ ಕೂರಿಸುವುದು ಎಂಥ ಚಿಕಿತ್ಸೆ ಎಂದು ನೀನು ಕೇಳಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ದಿನ ನಾನೂ ಅದನ್ನೇ ಕೇಳಿದ್ದೆ. ಆ ಮನಶ್ಶಾಸ್ತ್ರಜ್ಞೆ ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಾತ್ರೆ ಬರೆಯಲಿಲ್ಲ, ಒಂದು ನೋಟ್‌ಬುಕ್ ಕೊಟ್ಟರು. ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಎಷ್ಟು ಸಲ ಎದ್ದೆ, ಎಲ್ಲವನ್ನೂ ಎರಡು ವಾರ ಬರೆದೆ. ಒಂಬತ್ತಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದೆ. ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಐದು ಗಂಟೆಗೂ ಕಡಿಮೆ. ಉಳಿದದ್ದೆಲ್ಲ ಹೊರಳಾಟ. ಇಷ್ಟು ವರ್ಷಗಳಲ್ಲಿ ನನ್ನ ಹಾಸಿಗೆಯೇ ಕಾವಲು ಕಾಯುವ ಜಾಗವಾಗಿಬಿಟ್ಟಿದೆ, ತಲೆ ದಿಂಬಿಗೆ ತಾಗಿದೊಡನೆ ಮೈ ಎಚ್ಚರಗೊಳ್ಳುವುದನ್ನು ಕಲಿತಿದೆ ಎಂದರು ಅವರು. ಕಲಿತದ್ದನ್ನು ಮರೆಸಬೇಕು, ಅಷ್ಟೇ.

ಅದಕ್ಕೇ ಈ ಕಟ್ಟುಪಾಡು. ರಾತ್ರಿ ಹನ್ನೆರಡಕ್ಕೆ ಮಲಗಬೇಕು, ಐದೂವರೆಗೆ ಏಳಲೇಬೇಕು, ಹಗಲು ಮಲಗುವಂತಿಲ್ಲ. ಇಪ್ಪತ್ತು ನಿಮಿಷದಷ್ಟು ಕಳೆದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಬಂದು ಕೂರಬೇಕು, ಗಡಿಯಾರ ಮಾತ್ರ ನೋಡಬಾರದು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನೂರಕ್ಕೆ ಎಂಬತ್ತೈದು ಪಾಲು ನಿದ್ದೆಯೇ ಆದರೆ ಕಾಲು ಗಂಟೆ ಹೆಚ್ಚಿಸುತ್ತಾರೆ. ಹೀಗೆ ಹೊತ್ತನ್ನು ಮೊದಲು ಬಿಗಿಮಾಡಿ ಆಮೇಲೆ ಸಡಿಲಿಸುವ ಕ್ರಮವನ್ನು 1987ರಲ್ಲಿ ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಮತ್ತು ಜೊತೆಗಾರರು ಪ್ರಕಟಿಸಿದರಂತೆ. ನನ್ನಂತೆ ತಲೆಗೆ ಪೆಟ್ಟಾದವರಿಗೆ ಇದು ಎಲ್ಲಿ ಹಿಡಿಸುತ್ತದೆ ಎಂದೆ. 2007ರಲ್ಲಿ ಕೆನಡಾದಲ್ಲಿ ಅಂಥ 11 ಮಂದಿಗೆ ಇದೇ ಚಿಕಿತ್ಸೆ ಕೊಟ್ಟು ನೋಡಿದ್ದಾರೆ, ಹೆಚ್ಚಿನವರಿಗೆ ಗುಣ ಕಂಡಿದೆ ಎಂದರು. ಹನ್ನೊಂದು ದೊಡ್ಡ ಸಂಖ್ಯೆಯಲ್ಲ ಎಂದೂ ಅವರೇ ಸೇರಿಸಿದರು. ಆ ಪ್ರಾಮಾಣಿಕತೆಗಾಗಿಯೇ ಒಪ್ಪಿಕೊಂಡೆ. ಶುರು ಮಾಡುವ ಮೊದಲು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಪರೀಕ್ಷಿಸಿದ್ದಾರೆ. ತೂಕಡಿಕೆ ಇರುವವರೆಗೆ ಬೈಕ್ ಮುಟ್ಟಬಾರದೆಂದು ಹೇಳಿದ್ದಾರೆ. ಬೀಗದ ಕೈ ನಿನ್ನ ಅಮ್ಮನ ಬಳಿಯಿದೆ. ಯಾರೂ ನನ್ನನ್ನು ಹಿಂಸಿಸುತ್ತಿಲ್ಲ, ಪುಟ್ಟಿ.

ಮಾತ್ರೆಗಳನ್ನು ನಾನು ವರ್ಷಗಟ್ಟಲೆ ನುಂಗಿದ್ದೇನೆ. ಬೆಳಗ್ಗೆ ತಲೆಯೊಳಗೆ ಮಂಜು ಕವಿದಂತೆ ಇರುತ್ತಿತ್ತು. ನಿನ್ನ ಶಾಲೆಯ ಸಭೆಯ ದಿನವನ್ನು ಮರೆತದ್ದು ಆಗಲೇ.

2003ರಲ್ಲಿ ಕಾಶ್ಮೀರದ ಕುಪ್ವಾರಾದ ರಸ್ತೆಯಲ್ಲಿ ಆದದ್ದನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಹೇಳುವುದಕ್ಕೂ ಹೆಚ್ಚೇನಿಲ್ಲ. ನಮ್ಮ ಮುಂದಿನ ಗಾಡಿಯ ಕೆಳಗೆ ಬಾಂಬು ಸಿಡಿಯಿತು, ನಾನು ಕೆಲವು ನಿಮಿಷ ಪ್ರಜ್ಞೆ ತಪ್ಪಿದ್ದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮೂರು ವಾರದಲ್ಲಿ ಮತ್ತೆ ಡ್ಯೂಟಿ. ಇಂಥದ್ದನ್ನು ಸೌಮ್ಯ ಪೆಟ್ಟು ಎನ್ನುತ್ತಾರೆ. ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಯೊಳಗೆ ಇದ್ದರೆ ಸೌಮ್ಯ. ಅಮೆರಿಕದ ಸೇನೆಯಲ್ಲಿ 2000ದಿಂದ ಈಚೆಗೆ ತಲೆಪೆಟ್ಟಾದವರು 4 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹೆಚ್ಚಿನವರದು ಸೌಮ್ಯವೇ. ಆ ಪದ ಮೊದಲ ಅರ್ಧ ಗಂಟೆಯನ್ನು ಅಳೆಯುತ್ತದೆ. ಆಮೇಲಿನ ಇಪ್ಪತ್ತು ವರ್ಷವನ್ನು ಅಳೆಯುವುದಿಲ್ಲ.

ಈಗ ಆ ಬಟ್ಟೆ. ನೀನು ಏಳನೆಯ ತರಗತಿಯಲ್ಲಿದ್ದೆ. ನಾನು ರಾತ್ರಿ ನಾಲ್ಕು ಸಲ, ಕೆಲವೊಮ್ಮೆ ಏಳು ಸಲ ಎದ್ದು ಮುಂಬಾಗಿಲ ಚಿಲಕ ತೆಗೆದು ಹಾಕಿ ನೋಡುತ್ತಿದ್ದೆ. ಒಂದು ರಾತ್ರಿ ಚಿಲಕಕ್ಕೆ ಸದ್ದೇ ಇಲ್ಲ. ಕೈಯಾಡಿಸಿದರೆ ಬಟ್ಟೆ. ನಿನ್ನ ಹಳೆಯ ಯೂನಿಫಾರ್ಮ್ ಲಂಗದ ನೀಲಿ ತುಂಡನ್ನು ಚಿಲಕದ ಕಂಬಿಗೆ ಸುತ್ತಿ, ಎರಡು ಕಡೆ ದಾರದಿಂದ ನೀನು ಬಿಗಿದಿದ್ದೆ. ಅಮ್ಮನಿಗೆ ಎಚ್ಚರವಾಗದಿರಲಿ ಎಂದು ಮಾಡಿದ್ದು ಎಂದು ನಾನು ಆಗ ಅಂದುಕೊಂಡೆ. ಈಗ ಅರ್ಥವಾಗುತ್ತಿದೆ. ಅಪ್ಪ ಏಳದಿರಲಿ ಎಂದು ನೀನು ಬೇಡಲಿಲ್ಲ, ಅಪ್ಪ ಎದ್ದೇ ಏಳುತ್ತಾನೆ ಎಂದು ಒಪ್ಪಿಕೊಂಡು ಸದ್ದನ್ನಷ್ಟೇ ಅಡಗಿಸಿದೆ. ಹನ್ನೆರಡು ವರ್ಷದ ಮಗು. ಅದಕ್ಕೆ ಮುಂಚೆ ಎಷ್ಟು ರಾತ್ರಿ ಆ ಸದ್ದನ್ನು ಎಣಿಸುತ್ತ ಮಲಗಿದ್ದೆಯೋ. ದಾರದ ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಮೊನ್ನೆ ಬಿಚ್ಚಲು ಹೋಗಿ ಉಗುರು ನೊಂದಿತು. ಮಳೆಗಾಲದಲ್ಲಿ ಒಮ್ಮೆ ಬಟ್ಟೆ ಕೊಳೆತಾಗ ಯಾರೋ ಬದಲಿಸಿದ್ದರು. ಅದೂ ನೀನೇ ಇರಬೇಕು. ಈ ಬಗ್ಗೆ ಒಂದು ಮಾತನ್ನೂ ನಾವು ಆಡಲಿಲ್ಲ. ನಾನು ಆಡಬೇಕಿತ್ತು. ಮನೆಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ನನ್ನನ್ನೇ ನೀನು ಕಾಯುತ್ತಿದ್ದೆ. ಕ್ಷಮಿಸು.

ಹಬ್ಬಕ್ಕೆ ಬಂದಾಗ ಎರಡು ಗಂಟೆಯ ಹೊತ್ತಿಗೆ ನಿನ್ನ ಕೋಣೆಯ ಬಾಗಿಲ ಕೆಳಗೆ ಮೊಬೈಲ್ ಬೆಳಕು ಕಂಡಿತು. ಒಂದು ದಿನವಲ್ಲ, ಮೂರು ದಿನ. ಕೆಲಸದ ಒತ್ತಡವೋ ಬೇರೇನೋ ಕೇಳುವುದಿಲ್ಲ. ನಿನ್ನ ಎಚ್ಚರ ನನ್ನಿಂದ ಬಂದದ್ದೇ ಎಂಬ ಭಯ ಮಾತ್ರ ಹೋಗುತ್ತಿಲ್ಲ. ಹಾಸಿಗೆಯಲ್ಲಿ ಮೊಬೈಲ್ ಇಟ್ಟುಕೊಳ್ಳಬೇಡ. ನಿದ್ದೆ ಬಾರದಿದ್ದರೆ ಬಲವಂತವಾಗಿ ಕಣ್ಣು ಮುಚ್ಚಿ ಬಿದ್ದಿರಬೇಡ, ಎದ್ದು ಕುರ್ಚಿಯಲ್ಲಿ ಕೂರು. ರಾತ್ರಿ ಎಷ್ಟು ಹೊತ್ತಾದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳು, ಭಾನುವಾರವೂ. ಸಂಜೆಯ ಮೇಲೆ ಕಾಫಿ ಬಿಡು. ಉಪದೇಶ ಮಾಡುವುದಿಲ್ಲ ಎಂದುಕೊಂಡು ಕುಳಿತವನು ಇಷ್ಟು ಬರೆದೆ. ಹೊಡೆದುಹಾಕುವುದಿಲ್ಲ, ಇರಲಿ.

ಈಗ ಚಿಲಕವನ್ನು ಒಂದೇ ಸಲ ನೋಡಬೇಕೆಂಬುದೂ ಚಿಕಿತ್ಸೆಯ ಭಾಗ. ಹದಿನೇಳು ದಿನದಲ್ಲಿ ಹನ್ನೊಂದು ದಿನ ಸಾಧ್ಯವಾಯಿತು. ಬಟ್ಟೆಯನ್ನು ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದೇನೆ, ಹಾಕಿದ್ದು ಒಂದೇ ಸಲ ಕಿವಿಗೆ ಸರಿಯಾಗಿ ಕೇಳಲಿ ಎಂದು. ಮೊನ್ನೆ ಕಾಲು ಗಂಟೆ ಹೆಚ್ಚಿಸಿದರು, ಈಗ ಹನ್ನೊಂದೂಮುಕ್ಕಾಲಿಗೆ ಮಲಗಬಹುದು. ಹತ್ತರಿಂದ ಅಲ್ಲಿಯವರೆಗೆ ಜಗುಲಿಯಲ್ಲಿ ತೂಕಡಿಸದೆ ಕೂರುವುದೇ ಕಷ್ಟ. ಆ ಹೊತ್ತಿನಲ್ಲಿ ನಿನಗೆ ಬಿಡುವಿದ್ದರೆ ಫೋನ್ ಮಾಡು. ಜಗಳವಾಡಿದರೂ ಪರವಾಗಿಲ್ಲ.

ನಿನ್ನ ಅಪ್ಪ