ಗಂಡನ ಹೆಸರಿನ ಜಾಗದಲ್ಲಿ ಒಂದು ಗೆರೆ

ಪ್ರೀತಿಯ ಮಂಜು,

ಫೋನ್ ಎತ್ತಲ್ಲ ಅಂತ ಬೈದಿದ್ದೀಯ. ಎತ್ತಿದರೆ ಅಳು ಬರುತ್ತೆ ಕಣೋ, ಅದಕ್ಕೇ ಬರೀತಿದ್ದೀನಿ. ಎಲ್ಲರ ಕಣ್ಣಿಗೆ ಬೀಳೋ ಹಾಗೆ ಯಾಕೆ ಅಂತ ಕೇಳಬೇಡ. ನಮ್ಮಂಥ ಇನ್ನಿಬ್ಬರು ಹೆಂಗಸರು ಯಾವುದೋ ಊರಲ್ಲಿ ಇದನ್ನೇ ಯೋಚಿಸಿಕೊಂಡು ಕೂತಿರಬಹುದು, ಅವರೂ ಓದಲಿ.

ಸುಧಾ ಮತ್ತು ನಾನು ಮಗುವಿಗಾಗಿ ಆಸ್ಪತ್ರೆ ಅಲೀತಿರೋದು ನಿನಗೆ ಗೊತ್ತಲ್ಲ. ಮುಟ್ಟಾದ ಮೇಲೆ ದಿನ ಬಿಟ್ಟು ದಿನ ಸ್ಕ್ಯಾನ್. ಫಾಲಿಕಲ್, ಅಂದರೆ ಅಂಡಾಣು ಬೆಳೆಯೋ ಪುಟ್ಟ ಚೀಲ, 18 ಮಿಲಿಮೀಟರ್ ದಾಟಿದರೆ ಒಂದು ಇಂಜೆಕ್ಷನ್, ಅದಾಗಿ ಒಂದೂವರೆ ದಿನಕ್ಕೆ ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೇ ಸೇರಿಸೋದು. ದಾನಿಯ ವೀರ್ಯ ಬ್ಯಾಂಕಿನಿಂದ ಬರುತ್ತೆ. ಬೆರಳುದ್ದದ ವಯಲ್, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಅದನ್ನು ಕರಗಿಸಿ, ಸಣ್ಣ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಟ್ಟರೆ ಮುಗೀತು. ಐದು ನಿಮಿಷದ ಕೆಲಸ. ಆಮೇಲಿನ ಎರಡು ವಾರದ ಕಾಯುವಿಕೆ ಯಾರಿಗೂ ಬೇಡ.

2021ರ ಎಆರ್‌ಟಿ ಕಾಯ್ದೆಯಲ್ಲಿ, ಅಂದರೆ ಹೀಗೆ ವೈದ್ಯರ ನೆರವಿನಿಂದ ಮಗು ಪಡೆಯೋದರ ಕಾನೂನಿನಲ್ಲಿ, ಗಂಡ ಹೆಂಡತಿಗೆ ಜಾಗ ಇದೆ, 21 ದಾಟಿದ 50 ಮೀರದ ಒಂಟಿ ಹೆಂಗಸಿಗೂ ಇದೆ. ನಮ್ಮ ಮದುವೆಗೆ ಮಾನ್ಯತೆ ಇಲ್ಲ ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆವತ್ತು ರಾತ್ರಿ ಬಸ್ ಹತ್ತಿ ಬಂದು ನಮ್ಮಿಬ್ಬರಿಗೂ ಅನ್ನ ಕಲಸಿ ಕೊಟ್ಟವನು ನೀನೇ. ಹಾಗಾಗಿ ಕಾಗದದಲ್ಲಿ ಸುಧಾ ಒಂಟಿ. ಫಾರಂನಲ್ಲಿ ಗಂಡನ ಹೆಸರು ಅನ್ನೋ ಕಡೆ ನರ್ಸಮ್ಮ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇವರಿಗೆ ಏನಾಗಬೇಕು?" ಅಂದರು. "ಅಕ್ಕ" ಅಂದಳು ಸುಧಾ, ನನ್ನ ಮುಖ ನೋಡದೆ. ಆ ನರ್ಸಮ್ಮ ಒಳ್ಳೆಯವರು. ಹೋದಾಗಲೆಲ್ಲ "ಅಕ್ಕ ಬಂದಿದ್ದಾರೆ, ಕುರ್ಚಿ ಹಾಕ್ರಪ್ಪಾ" ಅಂತಾರೆ. ಅವರ ಆ ಅಕ್ಕರೆಯೇ ತಡೆಯೋಕಾಗಲ್ಲ ನನಗೆ.

ಮೊನ್ನೆ ನಿದ್ದೆ ಬಾರದೆ ಕಾಯ್ದೆಯನ್ನೇ ತೆಗೆದು ಓದಿದೆ. 31ನೇ ಸೆಕ್ಷನ್‌ನಲ್ಲಿದೆ, ಮಗುವಿನ ಮೇಲಿನ ಹಕ್ಕನ್ನೆಲ್ಲ ದಾನಿ ಬಿಟ್ಟುಕೊಡಬೇಕು ಅಂತ. ಓದಿ ಎದೆ ಹಿಡಿದ ಹಾಗಾಯಿತು. ಮುಖ ಕಾಣದ ಆ ಮನುಷ್ಯನೂ ನಾನೂ ಒಂದೇ ಹೊಸ್ತಿಲಾಚೆ ನಿಂತಿದ್ದೀವಿ ಮಂಜು. ಅವನಿಗೆ ಹಕ್ಕಿಲ್ಲ ಅಂತ ಹೇಳೋಕಾದರೂ ಕಾಯ್ದೆಯಲ್ಲಿ ಒಂದು ಸಾಲಿದೆ. ನನ್ನ ಬಗ್ಗೆ ಅಷ್ಟೂ ಇಲ್ಲ. ಮುಂದೆ ಮಗುವನ್ನು ಇಬ್ಬರ ಹೆಸರಲ್ಲಿ ದತ್ತು ತಗೊಳ್ಳೋಣ ಅಂದರೆ ಆ ಬಾಗಿಲೂ 2023ರ ಅದೇ ತೀರ್ಪಿನಲ್ಲಿ ಮುಚ್ಚಿತು, ಐವರು ಜಡ್ಜ್‌ಗಳಲ್ಲಿ ಮೂವರು ಬೇಡ ಅಂದರು. 2024ರಿಂದ ಸುಧಾಳ ಬ್ಯಾಂಕ್ ಖಾತೆಗೆ ನಾನು ನಾಮಿನಿ ಆಗೋಕೆ ಅಡ್ಡಿಯಿಲ್ಲ ಅಂತ ಸರ್ಕಾರವೇ ಹೇಳಿದೆ. ಅವಳ ದುಡ್ಡು ನನಗೆ ಬರಬಹುದು, ನಾನು ಎತ್ತಿ ಆಡಿಸಿದ ಮಗು ಬರಲ್ಲ.

ಹೆರಿಗೆಯಲ್ಲಿ ಅವಳಿಗೇನಾದರೂ ಆದರೆ? ತುಮಕೂರಿನಿಂದ ಅವಳ ಅಣ್ಣ ಬರುತ್ತಾರೆ. ಕೆಟ್ಟವರಲ್ಲ, ಮಗುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಸೋದರಮಾವ ಅಂದರೆ ಯಾರೂ ಎರಡನೇ ಮಾತು ಕೇಳಲ್ಲ. ನನ್ನನ್ನು ಕೇಳುತ್ತಾರೆ.

ಇನ್ನೊಂದು ಮಾತು, ಸುಧಾಗೂ ಹೇಳಿಲ್ಲ. ಈ ಸಲ ರಿಪೋರ್ಟ್ ನೆಗೆಟಿವ್ ಬಂತು. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ, ಆ ಅಳು ಸುಳ್ಳಲ್ಲ. ಆದರೆ ಒಳಗೆಲ್ಲೋ ಒಂದು ಉಸಿರು ಸಡಿಲವಾಯಿತು. ಸದ್ಯಕ್ಕೆ ನನ್ನ ಕೈಯಿಂದ ಯಾರೂ ಏನೂ ಕಿತ್ತುಕೊಳ್ಳೋ ಹಾಗಿಲ್ಲ ಅಂತ. ಇಷ್ಟು ಆಸೆಪಟ್ಟ ಮಗುವಿನ ವಿಷಯದಲ್ಲಿ ಹೀಗೂ ಅನ್ನಿಸುತ್ತಾ?

ಇದನ್ನು ಬರೆಯೋ ಯೋಚನೆ ಇರಲಿಲ್ಲ. ಇರಲಿ ಬಿಡು. ಅವಳು ಇವತ್ತು ಸಂಜೆ ಕ್ಯಾಲೆಂಡರ್ ಹಿಡಿದು ಮುಂದಿನ ಸ್ಕ್ಯಾನ್‌ಗೆ ಗುರುತು ಹಾಕುತ್ತಿದ್ದಳು. ದಾನಿಯ ಬಗ್ಗೆ ಆಸ್ಪತ್ರೆಯವರು ಹೇಳೋದೇ ನಾಲ್ಕು ವಿಷಯ. ಅದರಲ್ಲೂ ಬ್ಲಡ್ ಗ್ರೂಪ್ ಬಿ ಪಾಸಿಟಿವ್ ಇರಲಿ ಅಂತ ಹಟ ಮಾಡಿ ಬರೆಸಿದ್ದಾಳೆ, ಅದು ನನ್ನದು ಅಂತ. ಬಣ್ಣವೂ ನನ್ನದೇ ಇರಲಿ, ಎಣ್ಣೆಗೆಂಪು, ಅಂತಾಳೆ. ಅವಳನ್ನು ಹಾಗೆ ನೋಡಿದರೆ ಭಯಕ್ಕಿಂತ ಆಸೆಯೇ ದೊಡ್ಡದಾಗುತ್ತೆ.

ಜನನ ಪ್ರಮಾಣಪತ್ರಕ್ಕೆ ಅಪ್ಪನ ಹೆಸರು ಹೇಳಲೇಬೇಕು ಅಂತಿಲ್ಲವಂತೆ, 2015ರ ಸುಪ್ರೀಂ ಕೋರ್ಟ್ ತೀರ್ಪಿದೆ ಅಂದರು ವಕೀಲರು. ನನ್ನನ್ನು ಮಗುವಿನ ಪೋಷಕಿ ಅಂತ ಹೆಸರಿಸಿ ಸುಧಾ ಉಯಿಲು ಬರೆಯಬಹುದು. ಯಾರಾದರೂ ಕೋರ್ಟಿಗೆ ಹೋದರೆ ಮಗುವಿನ ಹಿತ ಎಲ್ಲಿದೆ ಅಂತ ಜಡ್ಜ್ ನೋಡುತ್ತಾರೆ, ಆದರೂ ಕಾಗದ ಇರಲಿ ಅಂದರು. ಬಸಿರು ನಿಂತ ಕೂಡಲೇ ಬರೆಸುತ್ತೀವಿ. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬ ನೀನು.

ಬರುವಾಗ ಆಧಾರ್ ಕಾರ್ಡ್ ಮರೆಯಬೇಡ. ಸಹಿ ಮಾತ್ರ ನೆಟ್ಟಗೆ ಹಾಕೋ ಮಾರಾಯ, ಹಾಲ್ ಟಿಕೆಟ್ ಮೇಲೆ ಹಾಕಿದ್ದೆಯಲ್ಲ ಅಂಥದ್ದು ಬೇಡ. ಬಿಡಿಸಿಕೊಂಡು ಬರೋಕೆ ಈ ಸಲ ಹನುಮಂತಪ್ಪ ಮೇಷ್ಟ್ರಿಲ್ಲ.

ನಿನ್ನ,
ಗೌರಿ