ಮಗಳಿಗೊಂದು ಪತ್ರ: ಆ ಬುಟ್ಟಿಯ ವಿಷಯ

ಪುಟ್ಟಿ,

ಮೊನ್ನೆ ಫೋನ್ ಇಟ್ಟಿದ್ದು ನಾನೇ. ಸಿಗ್ನಲ್ ಹೋಯ್ತು ಅಂತ ಆಮೇಲೆ ಮೆಸೇಜ್ ಹಾಕಿದ್ದು ಸುಳ್ಳು. ನಿನಗೂ ಗೊತ್ತು ಬಿಡು.

ಈ ಸಲ ಪನಾಮಾದ ದಾರಿಯೆನ್ ಕಾಡಿನ ಕಡೆ ಹೋಗ್ತೀನಿ ಅಂದೆಯಲ್ಲ, ದಾರಿಯೆನ್ ಅನ್ನೋ ಹೆಸರು ಕಿವಿಗೆ ಬಿದ್ದಿದ್ದೇ ಹೊಟ್ಟೆ ತೊಳಸಿದ ಹಾಗಾಯಿತು. 2023ರಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಅಮೆರಿಕ ಸೇರೋಕೆ ದಾಟಿದ್ದು ಆ ಕಾಡನ್ನೇ ಅಲ್ವಾ? ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟುತ್ತಿದ್ದರು, ಟಿವಿಯಲ್ಲಿ ನೋಡಿದ್ದೆ. ಆ ದಾರಿ ತುಕೇಸಾ ನದಿಯ ಕಡೆ, ನಾನು ಹೋಗುತ್ತಿರೋದು ಸಾಂಬೂ ನದಿಗೆ ಅಂದೆ ನೀನು. ಮ್ಯಾಪ್ ತೆಗೆದು ಬೆರಳಿಟ್ಟು ನೋಡಿದೆ. ದೂರವೇ ಇದೆ, ಒಪ್ಪಿದೆ. ಹೆದರಿಕೆಗೆ ಮ್ಯಾಪ್ ಓದೋಕೆ ಬರಲ್ಲ ಕಣೇ.

"ಎಂಬೆರಾ ಆದಿವಾಸಿಗಳ ಊರನ್ನ ಒಂದು ಸಲ ನೋಡಿ ಆಯ್ತಲ್ಲ, ಇನ್ನೇನಿದೆ ಅಲ್ಲಿ" ಅಂದಿದ್ದು ನನ್ನ ತಪ್ಪು. ಆದರೆ ಅದಕ್ಕೆ ನೀನು, "ಬುಟ್ಟಿಗೆ ಬೆಲೆ ಕಟ್ಟಿದ ಹಾಗೇ ಮಾತಾಡ್ತೀಯಲ್ಲಮ್ಮ" ಅಂದೆ. ನಾವಿಬ್ಬರೂ ಪನಾಮಾ ಕಾಲುವೆ ಕಡೆಯ ಅವರ ಊರಿಗೆ ಹೋಗಿ ಆ ಬುಟ್ಟಿ ತಂದು ಒಂದೂವರೆ ವರ್ಷ ಆಯಿತು. ನಾನೊಬ್ಬಳೇ ಆ ದಿನವನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂದುಕೊಂಡಿದ್ದೆ.

ದೋಣಿ, ಜಲಪಾತ, ಎಲೆಯಲ್ಲಿ ಕೊಟ್ಟ ಕರಿದ ಮೀನು, ಅದನ್ನು ನಾನು ಮುಟ್ಟದೆ ಬರೀ ಬಾಳೆಕಾಯಿ ತಿಂದಿದ್ದು, ಅದೆಲ್ಲ ಬರೆಯೋದಿಲ್ಲ. ಆ ಚಪ್ಪರದ ಕೆಳಗೆ ಆದದ್ದನ್ನು ಮಾತ್ರ ಹೇಳುತ್ತೇನೆ.

ಹೆಂಗಸರು ಬುಟ್ಟಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ನಾನು ಹಳದಿ ಹೂವಿನದನ್ನು ಎತ್ತಿಕೊಂಡೆ. ಚುಂಗಾ ಅನ್ನೋ ತಾಳೆಯ ನಾರು, ಬಣ್ಣವೆಲ್ಲ ಗಿಡಮರದ್ದು ಅಂತ ನೀನು ಕೇಳಿ ಹೇಳಿದೆ. ಈ ಹಳದಿ ಯಾವುದು ಅಂದರೆ ಬುಟ್ಟಿ ಮಾರುತ್ತಿದ್ದಾಕೆ ಒಂದು ಗೆಡ್ಡೆ ತಂದು ಮುರಿದು ತೋರಿಸಿದಳು. ಅರಿಶಿನ! ಭೂಮಿಯ ಆ ಕೊನೆಯಲ್ಲಿ ಅರಿಶಿನದ ಕೊಂಬು. ನಾನು ಮೂಸಿ ನೋಡಿ ಕೆನ್ನೆಗೆ ಹಚ್ಚಿಕೊಳ್ಳೋ ಹಾಗೆ ಮಾಡಿದೆ, ಆಕೆ ಬಾಯಿ ತುಂಬ ನಕ್ಕಳು. ಅಲ್ಲಿಂದಾಚೆ ಅವಳು ನನಗೆ ಪ್ರವಾಸದಲ್ಲಿ ನೋಡೋ ಕಾಡಿನ ಹೆಂಗಸಾಗಿ ಉಳಿಯಲಿಲ್ಲ, ಬಂಬೂ ಬಜಾರಿನಲ್ಲಿ ಮೊರ ಮಾರೋ ಮೇದರ ಅಕ್ಕ ಆಗಿಬಿಟ್ಟಳು. 40 ಡಾಲರ್ ಅಂದಳು. ಕೈ ತಾನಾಗೇ ಮೇಲೆದ್ದಿತು. ಮೊದಲು ಎರಡು ಬೆರಳು, ಆಮೇಲೆ ಐದು. 25.

ನಿನ್ನ ಮುಖ ಕೆಂಪಾಯಿತು. ಮಾತಿಲ್ಲದೆ ಪರ್ಸ್ ತೆಗೆದು 40 ಎಣಿಸಿ ಕೊಟ್ಟೆ. ವಾಪಸ್ ಬರುವಾಗ ದೋಣಿಯಲ್ಲಿ ನೀನು ಹೇಳಿದೆ: ಪನಾಮಾ ಕಾಲುವೆಗೆ ನೀರು ಬೇಕು ಅಂತ ಈ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿದ ಮೇಲೆ ಇವರಿಗೆ ಬೇಟೆ ಇಲ್ಲ, ಬೇಸಾಯಕ್ಕೂ ಕಟ್ಟುಪಾಡು, ಬಂದುಹೋಗೋರ ದುಡ್ಡೇ ಇವರಿಗೆ ಅನ್ನ. ಒಂದು ಬುಟ್ಟಿಗೆ ವಾರಗಟ್ಟಲೆ ಕೂತಿರ್ತಾಳೆ ಗೊತ್ತಾ? ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಆದರೆ ನೀನು ಒಂದನ್ನು ನೋಡಲಿಲ್ಲ. ನೀನು ಪರ್ಸಿನೊಳಗೆ ತಲೆ ಹಾಕಿದ್ದಾಗ ಆಕೆ ಸಾಲಿನಿಂದ ಒಂದು ಚಿಕ್ಕ ಬುಟ್ಟಿ ತೆಗೆದು ನನ್ನ ಮುಂದೆ ಹಿಡಿದಿದ್ದಳು. ಅಂಗೈಯಗಲದ್ದು. ಅವಳೂ ಎರಡು ಬೆರಳು, ಆಮೇಲೆ ಐದು ತೋರಿಸಿದಳು. ಅವಳಿಗೆ ವ್ಯಾಪಾರ ಬರುತ್ತಿತ್ತು ಪುಟ್ಟಿ. ನಾವಿಬ್ಬರೂ ಮಾತಿನ ಮಧ್ಯದಲ್ಲಿದ್ದೆವು. ನೀನು ದುಡ್ಡು ಕೊಟ್ಟು ಮಾತು ಮುಗಿಸಿಬಿಟ್ಟೆ. ಅವಳು ಆ ಚಿಕ್ಕದನ್ನು ವಾಪಸ್ ಸಾಲಿಗೇ ಇಟ್ಟಳು.

ಚೌಕಾಸಿ ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಆ ಬೆಲೆ ಕೇಳಬಾರದಿತ್ತು. ಮನೆಗೆ ಬಂದು ಸಾಸಿವೆ ಹಾಕಿ ಅಲ್ಲಾಡಿಸಿ ನೋಡಿದೆ, ಒಂದು ಕಾಳೂ ಜಾರಲಿಲ್ಲ, ಅಷ್ಟು ಬಿಗಿ. ಆದರೆ ನೀನು ಅವರನ್ನು ಕಾಪಾಡೋಕೆ ಹೊರಟ ಹಾಗೆ ನಡೆದುಕೊಳ್ಳುತ್ತೀಯಲ್ಲ, ಅದೂ ನನಗೆ ಸರಿ ಕಾಣಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಕೂತು ಮಾತಾಡಬೇಕು. ಕೇಳದೆ ಫೋಟೋ ತೆಗೀಬಾರದು. ಕೊಟ್ಟಿದ್ದನ್ನು ತಿನ್ನಬೇಕು... ಮೀನು ಮುಟ್ಟದವಳು ಹೇಳ್ತಿದ್ದಾಳೆ ನೋಡು. 31 ವರ್ಷ ಪಾಠ ಮಾಡಿದ ಬಾಯಿ ಇದು, ಸುಮ್ನಿರಲ್ಲ.

ಈ ಸಲ ಒಂದು ವಾರ ಇರುತ್ತೀಯಂತೆ. ನೀರು ಏರೋ ಹೊತ್ತು ನೋಡಿಕೊಂಡು ಸಾಂಬೂಗೆ ದೋಣಿ ಬಿಡುತ್ತಾರೆ ಅಂದೆಯಲ್ಲ, ಅವಸರ ಮಾಡಬೇಡ. ಲೈಫ್ ಜಾಕೆಟ್ ಬಿಚ್ಚಬೇಡ. ಹಾವಿರುತ್ತೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೋ, ರಾತ್ರಿ ಟಾರ್ಚ್ ಇಲ್ಲದೆ ಇಳೀಬೇಡ. ಸೊಳ್ಳೆಪರದೆ ಮರೀಬೇಡ.

ನಿಮ್ಮಪ್ಪ ಎದುರು ಮನೆಯವರಿಗೆ, "ನಮ್ಮ ಮಗಳಿಗೆ ಅಲ್ಲಿನ ಜನರ ಹತ್ರ ಅವರ ಭಾಷೆಯಲ್ಲೇ ಮಾತಾಡೋಕೆ ಬರುತ್ತೆ" ಅಂತ ಹೇಳಿಕೊಂಡು ಬಂದರು. ಅದು ಸ್ಪ್ಯಾನಿಷ್, ಅವರ ಭಾಷೆ ಬೇರೆ ಇದೆ ಅಂತ ನಾನು ತಿದ್ದಲಿಲ್ಲ. ಹೇಳಿಕೊಳ್ಳಲಿ.

ಹಳದಿ ಜ್ವರದ ಇಂಜೆಕ್ಷನ್ ಹೋಗೋಕೆ 10 ದಿನ ಮುಂಚೆಯೇ ಆಗಿರಬೇಕಂತೆ. ಹಾಕಿಸಿಕೊಂಡಿದ್ದೀನಿ ಅಂತ ಬರೀ ಬಾಯಲ್ಲಿ ಹೇಳಬೇಡ, ಕಾರ್ಡಿನ ಫೋಟೋ ಕಳಿಸು.

ಅಮ್ಮ